ಬಿಯರಿನ ಕಾಲಜ್ಞಾನಿ

ಬಿಯರಿನ ಭವಿಷ್ಯ ಹೇಳುವುದೂ ಒಂದು ಉದ್ಯೋಗ ಎಂದರೆ ನಂಬುವವರು ಕಡಿಮೆ. ಅವಳ ಸ್ವಂತ ಅಣ್ಣನೇ ನಂಬುತ್ತಿರಲಿಲ್ಲ. ದೊಡ್ಡ ಕಂಪನಿಗಳು ಒಂದೇ ರುಚಿಯನ್ನು ಲಕ್ಷಗಟ್ಟಲೆ ಬಾಟಲಿಗೆ ತುಂಬುತ್ತಿರುವಾಗ, ತನ್ನ ನಾಲಿಗೆಯ ಮೇಲೆ ಭರವಸೆಯಿಟ್ಟು ತನ್ನದೇ ಷೆಡ್ಡಿನಲ್ಲಿ ಒಬ್ಬಾತ ಕುದಿಸಿ ಹುದುಗಿಸುವುದು ಕ್ರಾಫ್ಟ್ ಬಿಯರ್. ಅಂಥ ಅರವತ್ಮೂರು ಮಂದಿ ಆ ಊರಿನ ಸುತ್ತಮುತ್ತ ಇದ್ದರು. ಮುಂದಿನ ವರ್ಷ ಇವರ ಮಾರುಕಟ್ಟೆ ಏರುತ್ತದೋ ಇಳಿಯುತ್ತದೋ ಎಂದು ಒಂದು ಸಮೀಕ್ಷಾ ಕಚೇರಿಯ ಮೂರನೇ ಮಹಡಿಯಲ್ಲಿ ಕೂತು ವರದಿ ಬರೆಯುವುದು ಅವಳ ಕೆಲಸ. ಅರವತ್ಮೂರರಲ್ಲಿ ಒಬ್ಬ ಅವಳ ಅಣ್ಣ. ಅವನು ತಂಗಿಯನ್ನು ಹೆಸರು ಹಿಡಿದು ಕರೆದು ಎಷ್ಟೋ ವರ್ಷವಾಗಿತ್ತು. "ಬಾಮ್ಮ ಕಾಲಜ್ಞಾನಿ, ಮಧ್ಯಾಹ್ನ ಕರೆಂಟ್ ಹೋಗುತ್ತಾ ನೋಡಿ ಹೇಳು" ಅನ್ನುವುದೇ ಅವನ ಕುಶಲಪ್ರಶ್ನೆ.

ಅಣ್ಣನ ವಿಷಯ ಕಚೇರಿಗೆ ಗೊತ್ತಿತ್ತು. ಪಕ್ಷಪಾತದ ಮಾತು ಬರಬಾರದೆಂದು ಅವಳೇ ಒಂದು ಪದ್ಧತಿ ತಂದಿದ್ದಳು. ಪ್ರತಿವರ್ಷ ಎಲ್ಲ ಬಿಯರಿನವರಿಗೂ ಒಂದು ಪ್ರಶ್ನಾವಳಿ ಹೋಗುತ್ತದೆ. ಅದರಲ್ಲಿ ಹೆಸರಿಲ್ಲ, ವಿಳಾಸವಿಲ್ಲ, ಸಹಿಯಿಲ್ಲ. ಹೆಸರಿಲ್ಲದ ಕಡೆ ಮನುಷ್ಯ ನಿಜ ಹೇಳುತ್ತಾನೆ ಎಂಬುದು ಅವಳ ನಂಬಿಕೆ. ಪಾಪ, ಓದಿದವಳು. "ಮುಂದಿನ ವರ್ಷ ನಿಮ್ಮ ತಯಾರಿಕೆ ಹೆಚ್ಚುತ್ತದೆಯೇ, ಅಷ್ಟೇ ಇರುತ್ತದೆಯೇ, ಕುಗ್ಗುತ್ತದೆಯೇ, ನಿಲ್ಲುತ್ತದೆಯೇ?" ಎಂಬುದೇ ಅದರಲ್ಲಿ ಮುಖ್ಯ ಪ್ರಶ್ನೆ. ಅಡುಗೆ ಮಾಡಿದವನಿಗೆ ಗೊತ್ತಿಲ್ಲದ ಉಪ್ಪು ಇನ್ಯಾರಿಗೆ ಗೊತ್ತು ಎಂದು ಅವಳು ತನ್ನ ಲೆಕ್ಕಾಚಾರದಲ್ಲಿ ಅರ್ಧ ತೂಕವನ್ನು ಈ ಉತ್ತರಗಳಿಗೇ ಕೊಡುತ್ತಿದ್ದಳು. ಮೂರು ವರ್ಷ ಅವಳ ಭವಿಷ್ಯ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ನಾಲ್ಕನೇ ವರ್ಷದ ಉತ್ತರಗಳು ಬಂದವು. ಅರವತ್ಮೂರರಲ್ಲಿ ನಲವತ್ತೊಂದು ಮಂದಿ "ಕುಗ್ಗುತ್ತದೆ" ಅಥವಾ "ನಿಲ್ಲುತ್ತದೆ" ಎಂದು ಗುರುತು ಹಾಕಿದ್ದರು. ಒಬ್ಬ ಪುಣ್ಯಾತ್ಮ ಅಂಚಿನಲ್ಲಿ "ಈ ವ್ಯಾಪಾರಕ್ಕೆ ಕಾಲಿಡುವವರ ಕಾಲು ಮುರಿಯುವುದು ಖಂಡಿತ" ಎಂದೂ ಬರೆದಿದ್ದ. ಅವಳು ಎರಡು ಸಲ ಕೂಡಿಸಿದಳು, ಮೂರನೆಯ ಸಲ ಬೇರೆಯವರ ಕೈಲಿ ಕೂಡಿಸಿದಳು. ಒಂದೇ ಒಂದು ಅಂಕಿ ಇದಕ್ಕೆ ಒಗ್ಗುತ್ತಿರಲಿಲ್ಲ: ಬಿಯರು ಕುದಿಸಲು ಬೇಕಾದ ಬಾರ್ಲಿ ಮಾಲ್ಟಿನ ಖರೀದಿ ಆ ವರ್ಷ ಏರಿತ್ತು. ಬಾಗಿಲು ಹಾಕುವವರು ಮಾಲ್ಟ್ ಯಾಕೆ ಕೊಳ್ಳುತ್ತಾರೆ? ಹಳೆಯ ಒಪ್ಪಂದಗಳಿರಬೇಕು ಎಂದುಕೊಂಡು ಅದನ್ನು ಇಪ್ಪತ್ತೆರಡನೇ ಪುಟದ ಅಡಿಟಿಪ್ಪಣಿಗೆ ಸೇರಿಸಿ ಸುಮ್ಮನಾದಳು. ಅಡಿಟಿಪ್ಪಣಿಯನ್ನು ಬರೆದವರನ್ನು ಬಿಟ್ಟರೆ ಅಚ್ಚು ಮಾಡುವವನೂ ಓದುವುದಿಲ್ಲ.

ವರದಿ ಹೊರಬರುವ ಮೊದಲು ಯಾರಿಗೂ ಬಾಯಿಬಿಡಬಾರದೆಂಬುದು ಕಚೇರಿಯ ಕಟ್ಟುನಿಟ್ಟು. ಆದರೆ ಅಣ್ಣ ಬಿಯರು ಹುದುಗಿಸುವ ನಾಲ್ಕು ಹೊಸ ಟ್ಯಾಂಕುಗಳನ್ನು ತರಿಸುವ ಹುಮ್ಮಸ್ಸಿನಲ್ಲಿದ್ದ. ಭಾನುವಾರ ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟಳು.

"ಅಣ್ಣ, ಟ್ಯಾಂಕು ಈ ವರ್ಷ ಬೇಡ" ಅಂದಳು.

"ಯಾಕಮ್ಮ? ಗ್ರಹ ಸರಿಯಿಲ್ವಾ?"

"ತಮಾಷೆ ಅಲ್ಲ. ನಾನು ಹೇಳೋ ಹಾಗಿಲ್ಲ, ಆದ್ರೂ ಹೇಳ್ತಿದೀನಿ. ಈ ವರ್ಷದ ವರದಿ ಚೆನ್ನಾಗಿಲ್ಲ."

"ಎಷ್ಟು ಚೆನ್ನಾಗಿಲ್ಲ?"

"ತುಂಬಾ."

ಅಣ್ಣನ ಮುಖ ಕಪ್ಪಿಡುತ್ತದೆ ಎಂದು ಅವಳು ಕಾದಳು. ಅವನು ತಟ್ಟೆಯ ಕಡೆ ತಲೆ ಬಗ್ಗಿಸಿ, ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಕ್ಕಂತೆ ಕಂಡಿತು. "ಆಗಲಿ ಬಿಡು, ಬರಲಿ" ಅಂದ. ಅತ್ತಿಗೆ ಮಾತ್ರ ಬಡಿಸುವ ಸೌಟನ್ನು ಹಿಡಿದುಕೊಂಡೇ ಇಬ್ಬರ ಮುಖವನ್ನೂ ನೋಡಿದಳು. ಮುಂದಿನ ವಾರ ಟ್ಯಾಂಕುಗಳು ಬಂದಿಳಿದವು.

ವರದಿ ಹೊರಬಂದ ದಿನ ಪತ್ರಿಕೆಗಳು "ಕ್ರಾಫ್ಟ್ ಬಿಯರಿನ ನೊರೆ ಇಳಿಯಿತು" ಎಂದು ದಪ್ಪಕ್ಷರದಲ್ಲಿ ಹಾಕಿದವು. ಎರಡೇ ವಾರದಲ್ಲಿ, ಊರೂರಲ್ಲಿ ಅಂಗಡಿಗಳಿದ್ದ ಒಂದು ದೊಡ್ಡ ಸಂಸ್ಥೆ ತನ್ನ ತಣ್ಣನೆಯ ಕಪಾಟುಗಳಿಂದ ಸಣ್ಣವರ ಬಿಯರನ್ನೆಲ್ಲ ತೆಗೆದು, ಆ ಜಾಗದಲ್ಲಿ ಹಣ್ಣಿನ ಸೋಡಾ ಜೋಡಿಸಿತು. ಅಣ್ಣನಂಥವರ ಬಿಯರನ್ನು ಸೋಸುವುದಿಲ್ಲ, ಕಾಯಿಸುವುದಿಲ್ಲ; ಬಾಟಲಿಯೊಳಗೆ ಹುದುಗೆಬ್ಬಿಸುವ ಯೀಸ್ಟು ಇನ್ನೂ ಜೀವಂತ. ಹೊರಗಿಟ್ಟರೆ ಹತ್ತು ದಿನಕ್ಕೆ ಹುಳಿ. ತಣ್ಣನೆಯ ಕಪಾಟು ಹೋಯಿತು ಎಂದರೆ ಉಸಿರೇ ಹೋದಂತೆ. ಬಾರುಗಳಿಗೆ ಹೋಗಿ ಕೇಳಿದರೆ, ಬಾರಿನವರೂ ಅದೇ ಪತ್ರಿಕೆ ಓದಿದವರು.

ಆಗ ಅಣ್ಣ ಅವಳ ಕಚೇರಿಗೇ ಬಂದ. ಹತ್ತು ವರ್ಷದಲ್ಲಿ ಒಮ್ಮೆಯೂ ಆ ಮೆಟ್ಟಿಲು ಹತ್ತಿದವನಲ್ಲ. ಕಾಲಿಗೆ ರಬ್ಬರ್ ಬೂಟು, ಮೈಯೆಲ್ಲ ಮಾಲ್ಟಿನ ವಾಸನೆ. ಕೂರು ಅಂದರೂ ಕೂರಲಿಲ್ಲ.

"ಆ ವರದಿ ವಾಪಸ್ ತಗೋ" ಅಂದ.

"ಹಾಗೆಲ್ಲ ತಗೊಳ್ಳೋಕಾಗಲ್ಲ ಅಣ್ಣ. ಜನ ಹೇಳಿದ್ದನ್ನೇ ನಾನು ಬರೆದಿರೋದು."

"ಜನ ಅಂದ್ರೆ ನಾನೇ ಕಣೇ. ನಾನು ಸುಳ್ಳು ಬರೆದೆ."

ಹಿಂದಿನ ವರ್ಷದ ಅವಳ ವರದಿ ಹೂವಿನಂತಿತ್ತು. ಅದನ್ನು ಓದಿ ಕಂಡಕಂಡವರೆಲ್ಲ ಬಿಯರ್ ಮಾಡಲು ಹೊರಟಿದ್ದರು. ಹಾದಿಗೊಂದು ಬೀದಿಗೊಂದು ಟ್ಯಾಂಕು ಎದ್ದಿತ್ತು. ಈ ಸಲವಾದರೂ ಹೊಸಬರು ಹೆದರಲಿ ಎಂದು ಅಣ್ಣ "ನಿಲ್ಲುತ್ತದೆ" ಎಂಬುದಕ್ಕೆ ಗುರುತು ಹಾಕಿದ್ದ. ಹೆಸರು ಕೇಳಿರಲಿಲ್ಲವಲ್ಲ, ಯಾವ ಭಯ? "ಅರವತ್ತು ಜನದಲ್ಲಿ ನನ್ನದೊಂದು ಸುಳ್ಳು, ಅದರಿಂದ ಏನಾಗುತ್ತೆ ಅಂದ್ಕೊಂಡೆ" ಅಂದ. ಹೊಸಬರು ಹೆದರುವಷ್ಟು ದೊಡ್ಡದು, ಮಾರುಕಟ್ಟೆ ಕೆಡದಷ್ಟು ಚಿಕ್ಕದು, ಅಂಥ ಸುಳ್ಳು ಎಲ್ಲಿ ಸಿಗುತ್ತದೆಂದು ಅವನು ಯೋಚಿಸಿರಲಿಲ್ಲ. ಬಿಯರನ್ನು ಬೆರಳಿಗೆ ಹಚ್ಚಿ ನೆಕ್ಕಿ ಎಷ್ಟು ದಿನದ್ದೆಂದು ಹೇಳುವ ಬುದ್ಧಿವಂತ ಅವನು.

ಅವನು ಹೋದ ಮೇಲೆ ಅವಳು ಪಟ್ಟಿ ಹಿಡಿದು ಉಳಿದ ಬಿಯರಿನವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದಳು. ಮೊದಲನೆಯವನು ತೊದಲಿದ. ಎರಡನೆಯವಳು ಅತ್ತಳು. ಮೂರನೆಯವನು, ಕಾಲು ಮುರಿಯುವ ಮಾತು ಬರೆದವನೇ ಇರಬೇಕು, "ಎಲ್ರೂ ಹೀಗೇ ಬರೀತಾರೆ ಅಂತ ನನಗೇನು ಕನಸು ಬಿದ್ದಿತ್ತಾ ಮೇಡಂ" ಅಂದ. ಸಂಜೆಯೊಳಗೆ ಇಪ್ಪತ್ತೊಂಬತ್ತು ಮಂದಿ ಒಪ್ಪಿಕೊಂಡರು. ಯಾರೂ ಯಾರ ಜೊತೆಗೂ ಮಾತಾಡಿಕೊಂಡಿರಲಿಲ್ಲ. ಪ್ರತಿಯೊಬ್ಬನೂ ತಾನೊಬ್ಬನೇ ಚಾಲಾಕಿ ಎಂದುಕೊಂಡಿದ್ದ. ಅವಳಿಗೆ ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಮಾಲ್ಟಿನ ಅಂಕಿ ಕೈಹಿಡಿದು ಎಳೆದು ಹೇಳಿತ್ತು. ಅವಳು ಅದನ್ನು ಪುಟದ ಅಡಿಗೆ ತಳ್ಳಿದ್ದಳು.

ಮರುದಿನ ಬೆಳಿಗ್ಗೆಯೇ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲವನ್ನೂ ಒದರಿದಳು. ಅವರು ಒಳ್ಳೆಯ ಮನುಷ್ಯರು, ಕನ್ನಡಕ ತೆಗೆದು ಪೂರ್ತಿ ಕೇಳಿಸಿಕೊಂಡರು.

"ನಿಲ್ಲಿಸ್ತೀವಿ ಅಂತ ಬರೆದವರು ಈಗ ಏನು ಮಾಡ್ತಿದಾರೆ?"

"ನಿಲ್ಲಿಸ್ತಿದಾರೆ ಸರ್. ಬೇರೆ ದಾರಿ ಇಲ್ಲ."

"ಹಾಗಾದ್ರೆ ಅವರು ಬರೆದಿದ್ದು ನಿಜ ಆಯ್ತಲ್ಲ."

"ಬರೆದಿದ್ದರಿಂದ ನಿಜ ಆಯ್ತು ಸರ್."

"ಅದು ನಮ್ಮ ಪ್ರಶ್ನೆ ಅಲ್ಲ ನೋಡಿ" ಎಂದು ಅವರು ನಿಧಾನವಾಗಿ ಕನ್ನಡಕ ಹಾಕಿಕೊಂಡರು. "ನಾವು ಹೇಳಿದ್ದು ಇಳಿಯುತ್ತೆ ಅಂತ. ಇಳೀತಿದೆ. ಸರಿಯಾಗಿರೋ ವರದಿಗೆ ಏನಂತ ತಿದ್ದುಪಡಿ ಹಾಕ್ತೀರಿ?"

ಅವಳು ತನ್ನ ಮೇಜಿಗೆ ಮರಳಿ, ಅಂಗಡಿ ಸಂಸ್ಥೆಯಲ್ಲಿ ಕಪಾಟಿನ ಉಸ್ತುವಾರಿ ನೋಡುವವನಿಗೆ ಫೋನು ಮಾಡಿದಳು. ಆತ ಅವಳ ದನಿ ಕೇಳಿ ಹಿಗ್ಗಿಹೋದ. "ಮೇಡಂ, ನೀವು ಹೇಳಿದ್ದು ಅಕ್ಷರಶಃ ನಿಜ. ನಮ್ಮಲ್ಲಿ ಸಣ್ಣ ಬಿಯರಿನ ಮಾರಾಟ ಪೂರ್ತಿ ಬಿದ್ದುಹೋಗಿದೆ."

"ನೀವು ಕಪಾಟಿನಲ್ಲಿ ಇಡ್ತಾನೇ ಇಲ್ವಲ್ಲ."

"ಮಾರಾಟ ಇಲ್ಲದ ಮಾಲು ಯಾಕೆ ಇಡೋಣ ಹೇಳಿ."

ಅವಳು ವಿವರಿಸಿದಳು. ಮತ್ತೆ ವಿವರಿಸಿದಳು. ಗೋಡೆಯ ಜೊತೆ ಮಾತಾಡಿದ್ದರೆ ಗೋಡೆಯಾದರೂ ಮೌನವಾಗಿರುತ್ತಿತ್ತು. ಆತ ಮಾತುಮಾತಿಗೂ ಅವಳನ್ನು ಹೊಗಳುತ್ತಿದ್ದ. ಫೋನಿಟ್ಟು ಅವಳು ಕಚೇರಿಯ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ವರ್ಷ ಮುಗಿಯಿತು. ಅವಳು ಇಳಿಕೆ ಶೇಕಡಾ ಮೂವತ್ತೆಂಟು ಎಂದು ಬರೆದಿದ್ದಳು, ಆದದ್ದು ಮೂವತ್ತೆಂಟೂವರೆ. ಕಚೇರಿಯಲ್ಲಿ ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಸುದ್ದಿ ಕೇಳಿ ಅಣ್ಣ ಫೋನಿನಲ್ಲಿ "ಹೋಗಲಿ ಬಿಡು, ನಮ್ಮ ಮನೇಲಿ ಒಬ್ರಾದ್ರೂ ಗೆದ್ದರಲ್ಲ" ಅಂದ. ಅವನು ಚುಚ್ಚಿ ಮಾತಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನ ದನಿಯಲ್ಲಿ ನಿಜವಾದ ಹೆಮ್ಮೆಯಿತ್ತು. "ಶನಿವಾರ ಷೆಡ್ಡಿಗೆ ಬಾ, ಕೈಜೋಡಿಸೋಕೆ ಜನ ಇಲ್ಲ" ಎಂದೂ ಸೇರಿಸಿದ.

ಷೆಡ್ಡಿನಲ್ಲಿ ಕೆಲಸದವರು ಯಾರೂ ಇರಲಿಲ್ಲ. ಹೊಸ ಟ್ಯಾಂಕುಗಳನ್ನು ಕೊಂಡವರು ಮಧ್ಯಾಹ್ನ ಲಾರಿ ತರುವವರಿದ್ದರು. ಮೂರು ಖಾಲಿಯಾಗಿದ್ದವು, ನಾಲ್ಕನೆಯದರಲ್ಲಿ ಕೊಳ್ಳುವವರಿಲ್ಲದೆ ಉಳಿದ ಕೊನೆಯ ಬಿಯರಿತ್ತು. ಅತ್ತಿಗೆ ಮೂಲೆಯಲ್ಲಿ ಲೇಬಲ್ಲಿನ ಸುರುಳಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ನಾದಿನಿಯನ್ನು ಕಂಡು "ಬಂದ್ಯಾ" ಅಂದಳು, ಅಷ್ಟೇ. ಅಣ್ಣ ಟ್ಯಾಂಕಿನ ಪಕ್ಕದ ಪುಟ್ಟ ನಲ್ಲಿಯಿಂದ ಒಂದು ಲೋಟ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಒಂದು ಗುಟುಕು ಕುಡಿದು ಅವಳ ಕೈಗೆ ಕೊಟ್ಟ.

ಅವಳು ಹತ್ತು ವರ್ಷದಿಂದ ಬಿಯರಿನ ಬಗ್ಗೆ ಬರೆಯುತ್ತಿದ್ದವಳು. ಇಷ್ಟು ಚೆನ್ನಾಗಿದ್ದುದನ್ನು ಅವಳು ಎಲ್ಲಿಯೂ ಕುಡಿದಿರಲಿಲ್ಲ.

"ಚೆನ್ನಾಗಿದೆ ಅಣ್ಣ."

"ಗೊತ್ತು" ಅಂದ ಅವನು. ಬಗ್ಗಿ ತಳದ ವಾಲ್ವನ್ನು ತಿರುಗಿಸಿದ.

ಬಿಯರು ನೆಲಕ್ಕೆ ಬಿದ್ದು ನೊರೆಯೆದ್ದು ಹರಡಿತು. ಅವಳಿಗೆ ಅವನು ನೆಲ ಒರೆಸುವ ಉದ್ದ ಹಿಡಿಯ ರಬ್ಬರು ಕೋಲು ಕೊಟ್ಟ. ಇಬ್ಬರೂ ಸೇರಿ ಅದನ್ನು ಮೋರಿಯ ಕಡೆ ತಳ್ಳತೊಡಗಿದರು. ಟ್ಯಾಂಕು ಬರಿದಾಗಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವಳೇ ತಡೆಯಲಾರದೆ ಕೇಳಿದಳು:

"ಇನ್ಮೇಲೆ ಏನ್ ಮಾಡ್ತೀಯ ಅಣ್ಣ?"

ಅವನು ಕೆಲಸ ನಿಲ್ಲಿಸಿ ನೆಟ್ಟಗಾದ. ಮೂಲೆಯಲ್ಲಿ ಅತ್ತಿಗೆಯ ಕೈಯೂ ನಿಂತಿತು.

"ಅದನ್ನ ನೀನೇ ಹೇಳ್ಬೇಕು ಕಣೇ" ಅಂದ.

ತಮಾಷೆಯೆಂದುಕೊಂಡು ಅವಳು ನಗಲು ಹೊರಟಳು. ಅವನು ನಗುತ್ತಿರಲಿಲ್ಲ. ಐವತ್ತು ದಾಟಿದ ಮನುಷ್ಯ, ನೆನೆದ ಬೂಟಿನಲ್ಲಿ ನಿಂತು, ತಂಗಿ ಏನಾದರೂ ಹೇಳಿಯಾಳು ಎಂದು ಅವಳ ಮುಖವನ್ನೇ ನೋಡುತ್ತಿದ್ದ.