ಅಟ್ಟ ಇಳಿಸಿದ್ದು

ನಮ್ಮ ಮನೆಯ ಜೀಪಿಗೆ ನಾನಿಟ್ಟ ಹೆಸರು ಅಟ್ಟ. ಹತ್ತುವುದಕ್ಕೆ ಏಣಿ ಬೇಕು, ಇಳಿಯುವುದಕ್ಕೆ ಧೈರ್ಯ ಬೇಕು. ಮದುವೆಗೆ ಮುಂಚೆ ನಮ್ಮ ಯಜಮಾನರು ಗೆಳೆಯರ ಜೊತೆ ಸೇರಿ ಅದನ್ನು ಎತ್ತರಿಸಿದ್ದರಂತೆ. ಉದ್ದನೆಯ ಸ್ಪ್ರಿಂಗ್ ಹಾಕಿ ನಾಲ್ಕು ಇಂಚು, ಬಾಡಿಯ ಕೆಳಗೆ ದಪ್ಪ ರಬ್ಬರ್ ತುಂಡು ಕೊಟ್ಟು ಎರಡು ಇಂಚು, ದೈತ್ಯ ಟೈರು ಹಾಕಿ ಇನ್ನೆರಡು. ಒಟ್ಟು ಎಂಟು. ಈ ಲೆಕ್ಕ ಹೇಳುವಾಗ ಅವರ ಮುಖ ಅರಳುತ್ತದೆ. ನನ್ನ ವಿಷಯ ಬಂದಾಗ ಅದರ ಅರ್ಧ ಅರಳಿದ್ದರೂ ನಾನು ಜನ್ಮ ಸಾರ್ಥಕ ಅಂದುಕೊಳ್ಳುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಆ ಗೆಳೆಯರೆಲ್ಲ ಈಗ ಸಂಸಾರಸ್ಥರು. ಜೀಪು ಕೊನೆಯ ಸಲ ಬೆಟ್ಟ ಹತ್ತಿ ಆರು ವರ್ಷವಾಯಿತು. ಈಗ ಅದು ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಗೆ ಹೋಗುತ್ತದೆ. ಡಯಾಲಿಸಿಸ್ ಮಾವನಿಗೆ, ಓಡಿಸುವುದು ನಾನು. ಯಜಮಾನರದು ನೀರು ಶುದ್ಧ ಮಾಡುವ ಘಟಕದಲ್ಲಿ ಪಾಳಿ ಕೆಲಸ. ಬೆಳಗ್ಗೆ ಆರೂವರೆಗೆ ನಾವು ಹೊರಡುವಾಗ ಅವರು ಅಲ್ಲಿ ಮೀಟರು ನೋಡಿ ಬರೆದುಕೊಳ್ಳುತ್ತಿರುತ್ತಾರೆ.

ಓಡಿಸಿದವರಿಗೇ ಗೊತ್ತು ಅದರ ಹಣೆಬರಹ. ಕೆಸರಿಗೆಂದು ಮಾಡಿದ ಟೈರು ಡಾಂಬರಿನ ಮೇಲೆ ದಾರಿಯುದ್ದಕ್ಕೂ ಗೋಳಾಡುತ್ತದೆ. ಸ್ಟೀರಿಂಗನ್ನು ನಾನು ಒಂದು ಕಡೆಗೆ ಎಳೆದರೆ ಅದು ಯೋಚನೆ ಮಾಡಿ ಬರುತ್ತದೆ. ಮಗ್ಗುಲಲ್ಲಿ ಸ್ಕೂಟರ್ ಬಂದರೆ ಹೆಲ್ಮೆಟ್ಟಿನ ನೆತ್ತಿ ಮಾತ್ರ ಕಾಣುತ್ತದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸೋಣವೆಂದರೆ ಬಾಗಿಲಿನ ಕಬ್ಬಿಣದ ಪಟ್ಟಿಗೆ ತಲೆ ತಗಲುತ್ತದೆ. ಮಾವನನ್ನು ಮುಂಬಾಗಿಲಲ್ಲಿ ಇಳಿಸಿ, ಎರಡು ಬೀದಿ ಆಚೆ ನಿಲ್ಲಿಸಿ, ನಡೆದು ವಾಪಸು ಬರಬೇಕು. ಮೂರು ವರ್ಷದಿಂದ ಇದೇ ಕತೆ. ನನಗೆ ಸಾಕಾಗಿತ್ತು. ಸುತ್ತಿಬಳಸಿ ಹೇಳಲು ಕೂಡ ಶಕ್ತಿ ಇಲ್ಲದಷ್ಟು ಸಾಕಾಗಿತ್ತು.

ಮಾರೋಣವೆಂದರೆ ಹೀಗೆ ಕೈಯಾಡಿಸಿದ ಗಾಡಿಯನ್ನು ಯಾರೂ ಕೇಳುವುದಿಲ್ಲ. ಬಾಡಿಗೆ ಕಾರಿನವರು ಆ ಹೊತ್ತಿಗೆ ಬರುತ್ತೇವೆ ಅನ್ನುತ್ತಾರೆ, ಬರುವುದಿಲ್ಲ. ಬಂದರೂ ಆ ಕಾರುಗಳ ಸೀಟು ನೆಲಕ್ಕೆ ಅಂಟಿರುತ್ತದೆ, ಕೂತ ಮೇಲೆ ಮಾವನ ಮಂಡಿ ಏಳುವುದಿಲ್ಲ. ಹಾಗಾಗಿ ನಾವು ಎರಡು ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಂಡಿದ್ದೆವು, ಒಂದು ಕುಳ್ಳ, ಒಂದು ಉದ್ದ. ಮಾವ ಕುಳ್ಳನ ಮೇಲೆ ಕಾಲಿಟ್ಟು, ಉದ್ದನೆಯದರ ಮೇಲೆ ನಿಂತು, ಅಲ್ಲಿಂದ ಜೀಪಿನೊಳಗೆ. ಅಟ್ಟ ಹತ್ತಲಾರದವನು ಬೆಟ್ಟ ಹತ್ತಿಯಾನೇ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಟ್ಟ ಹತ್ತಿದ ಗಾಡಿಯನ್ನೇ ಮಾವ ಹತ್ತಲಾರದೆ ಹೋದರು.

ಆ ಬುಧವಾರ ಆಸ್ಪತ್ರೆಯ ಮುಂದೆ ಉದ್ದನೆಯ ಸ್ಟೂಲು ಜಾರಿತು. ಮಾವ ನನ್ನ ಮೇಲೆ ಬಿದ್ದರು, ನಾನು ಗಾಡಿಯ ಮೇಲೆ. ಯಾರಿಗೂ ಏನೂ ಆಗಲಿಲ್ಲ. ಆದರೆ ವಾರ್ಡಿನ ಆಳು ಓಡಿ ಬಂದವನು ಹಿಂದುಮುಂದು ನೋಡದೆ ಮಾವನನ್ನು ಸೊಂಟಕ್ಕೆ ಕೈಹಾಕಿ ಎತ್ತಿ ಸೀಟಿನ ಮೇಲೆ ಇಟ್ಟುಬಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಸಂಜೆ ಮಗ ಬಂದ ಮೇಲೆ ಮಾವ ಹೇಳಿದರು:

"ನೋಡಪ್ಪಾ, ಇನ್ನೊಂದು ಸಲ ನನ್ನನ್ನ ಯಾರಾದ್ರೂ ಮೂಟೆ ಥರ ಎತ್ತಿ ಹಾಕೋ ಹಾಗಾದ್ರೆ ನಾನು ಆಸ್ಪತ್ರೆಗೆ ಬರಲ್ಲ. ಹೋದಷ್ಟು ದಿನ ಹೋಗ್ಲಿ."

ಹೆದರಿಸುವ ದನಿಯಲ್ಲಿ ಅಂದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಉಪ್ಪು ಕಡಿಮೆಯಾಗಿದೆ ಎಂದು ಹೇಳುವ ಹಾಗೆ ಹೇಳಿದರು. ಅವರ ಹಠ ನನಗೆ ಗೊತ್ತು. ಎರಡು ಸಲ ಡಯಾಲಿಸಿಸ್ ತಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಮರುದಿನ ಯಜಮಾನರು ಗ್ಯಾರೇಜಿಗೆ ಹೋದರು. ಅಲ್ಲಿಯ ಮೇಸ್ತ್ರಿಯನ್ನು ಎಲ್ಲರೂ ಕರೆಯುವುದು ಮೂರೂವರೆ ಎಂದು. ಹಾರ್ನ್ ಕೆಟ್ಟಿದೆ ಎಂದರೂ ಇಂಜಿನ್ ಬಿಚ್ಚಬೇಕು ಎಂದರೂ ಅವರು ಕೊಡುವ ಗಡುವು ಒಂದೇ, ಮೂರೂವರೆ ದಿನ. ನಮಗೆ ಶುಕ್ರವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ಮಾತ್ರ ಪುರುಸೊತ್ತು. ಮೂರೂವರೆ ತಲೆ ಕೆರೆದುಕೊಂಡು, ಆಗಲಿ, ಆದರೆ ಅಪ್ಪನ ಕಾಲು ಎಷ್ಟು ಮೇಲೆ ಬರುತ್ತದೆ ಅಳತೆ ತನ್ನಿ ಅಂದರಂತೆ. ಬಾಗಿಲ ಪಕ್ಕ ಒಂದು ಕಬ್ಬಿಣದ ಮೆಟ್ಟಿಲು ಇಳಿಬಿಡುವುದು. ನೆಲದಿಂದ ಮೆಟ್ಟಿಲಿಗೆ ಒಂದು ಹೆಜ್ಜೆ, ಅಲ್ಲಿಂದ ಬಾಗಿಲ ಹೊಸಿಲಿಗೆ ಅಷ್ಟೇ ಇನ್ನೊಂದು ಹೆಜ್ಜೆ. ಎರಡು ಮೆಟ್ಟಿಲು ಇಳಿಬಿಟ್ಟರೆ ಜೋತಾಡುತ್ತದೆ, ಸ್ಟೂಲಿಗಿಂತ ಕಡೆ.

ಯಜಮಾನರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಲೆಕ್ಕ ಒಪ್ಪಿಸಿದರು. "ಈಗ ಹೊಸಿಲು ಇಪ್ಪತ್ತಾರು ಇಂಚು ಮೇಲಿದೆ. ಅಪ್ಪನ ಕಾಲು ಹನ್ನೊಂದು ಬಂದ್ರೆ ಹೊಸಿಲು ಇಪ್ಪತ್ತೆರಡಕ್ಕೆ ಬಂದ್ರೆ ಸಾಕು. ಬರೀ ಸ್ಪ್ರಿಂಗ್ ಬದಲಾಯಿಸಿದ್ರೆ ಆಯ್ತು. ಟೈರು ಮುಟ್ಟೋದೇ ಬೇಡ."

ಆ ಟೈರಿಗೆ ಅವರು ಎರಡು ವರ್ಷ ಕಾದಿದ್ದರು. ಮಾವ ಒಳಗಿನ ಕೋಣೆಯಲ್ಲಿ ಮಲಗಿದ್ದರು, ಬಾಗಿಲು ತೆರೆದಿತ್ತು.

ಇಲ್ಲಿ ಮಾವನ ಕಸುಬು ಹೇಳಬೇಕು. ನಲವತ್ತು ವರ್ಷ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಈಗ ಮಿಷನ್ನಿನ ಮುಂದೆ ನಾನು ಕೂರುತ್ತೇನೆ, ಅವರು ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಾರೆ. ನನಗೆ ಕತ್ತರಿ ಹಿಡಿಯುವುದನ್ನು ಕಲಿಸುವ ಮೊದಲು ಅವರು ಹೇಳಿಕೊಟ್ಟ ಪಾಠ ಎರಡೇ. ಅಳತೆ ಕೊಡುವವನು ಉಸಿರು ಹಿಡಿದಿರುತ್ತಾನೆ ಕಣಮ್ಮ, ಬರೆದುಕೊಳ್ಳುವವಳು ಉಸಿರು ಬಿಟ್ಟು ಬರೆಯಬೇಕು. ಹೊಟ್ಟೆ ಒಳಗೆಳೆದುಕೊಂಡು ನಿಂತವನ ಮಾತು ನಂಬಿ ಹೊಲಿದರೆ ಆ ಅಂಗಿ ಬೀರುವಿನಲ್ಲೇ ಇರುತ್ತದೆ. ಎರಡನೆಯದು, ಹೊಲಿಗೆಯ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡು, ಮೈ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ.

ಅಂಥ ಮನುಷ್ಯ ಆ ಸಂಜೆ ಮಿಷನ್ನಿನ ಪಕ್ಕ ನಿಂತು ಬಲಗಾಲು ಎತ್ತಿದರು. ನಾನು ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿದೆ.

"ಎಷ್ಟು?" ಎಂದರು ಮಗ, ಪೆನ್ಸಿಲ್ ಹಿಡಿದು.

"ಹನ್ನೊಂದು," ಎಂದೆ.

"ನೋಡಿದ್ಯಾ," ಎಂದರು ಮಾವ. ದನಿ ಬಿಗಿಯಾಗಿತ್ತು. ತಲೆಯೆತ್ತಿ ನೋಡಿದೆ. ಅವರ ಎಡಗೈ ಬೆನ್ನ ಹಿಂದೆ ಮಿಷನ್ನಿನ ಹಲಗೆಯನ್ನು ಒತ್ತಿ ಹಿಡಿದಿತ್ತು, ಗೆಣ್ಣುಗಳು ಬಿಳಿಚಿದ್ದವು. ಗಿರಾಕಿಗಳು ಮಾಡುವ ಕಳ್ಳಾಟವನ್ನು ಗುರುಗಳೇ ಮಾಡುತ್ತಿದ್ದರು. ಯಾರಿಗಾಗಿ ಎಂದು ಕೇಳುವ ಅಗತ್ಯ ನನಗಿರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಟೇಪು ಸುತ್ತಿದೆ.

ಶುಕ್ರವಾರ ಸ್ಟೂಲನ್ನು ನನ್ನ ಪಾದದಿಂದ ಒತ್ತಿ ಹಿಡಿದು ಹೇಗೋ ಹೋಗಿ ಬಂದೆವು. ಆಸ್ಪತ್ರೆಗೆ ಹೋಗುವ ಕಾಲೇ ಬೇರೆ, ಬರುವ ಕಾಲೇ ಬೇರೆ. ನಾಲ್ಕು ತಾಸು ಆ ಯಂತ್ರಕ್ಕೆ ರಕ್ತ ಕೊಟ್ಟು ತೆಗೆದುಕೊಂಡು ಬರುವ ಮನುಷ್ಯ ಹಿಂಡಿದ ಬಟ್ಟೆಯಂತಿರುತ್ತಾರೆ. ನಮ್ಮ ಮನೆಯ ಮುಂದೆ ಎರಡು ಮೆಟ್ಟಿಲು. ಕೆಳಗಿನದನ್ನು ಮಾವ ಸುಮ್ಮನೆ ಹತ್ತಿದರು. ಮೇಲಿನದರ ಮುಂದೆ ನಿಂತು, ಏನೋ ನೆನಪಾದವರಂತೆ ಮುಖ ಒರೆಸಿಕೊಂಡು, ಆಮೇಲೆ ಹತ್ತಿದರು. ಅವರು ಒಳಗೆ ಹೋದ ಮೇಲೆ ಕೊರಳಲ್ಲಿದ್ದ ಟೇಪು ತೆಗೆದು ಅಳೆದೆ. ಕೆಳಗಿನದು ಏಳು, ಮೇಲಿನದು ಒಂಬತ್ತು.

ಜೀಪನ್ನು ಗ್ಯಾರೇಜಿಗೆ ಬಿಡಲು ಹೋದಾಗ ಯಜಮಾನರು ಪಾಳಿ ಮುಗಿಸಿ ಅಲ್ಲಿಗೇ ಬಂದಿದ್ದರು. ಎತ್ತರಿಸುವಾಗ ಬಿಚ್ಚಿದ್ದ ಹಳೆಯ ಸ್ಪ್ರಿಂಗುಗಳನ್ನು ಬೆಳಗ್ಗೆಯೇ ಮಂಚದ ಕೆಳಗಿನಿಂದ ತೆಗೆದುಕೊಂಡು ಹೋಗಿದ್ದರು. ಇಷ್ಟು ವರ್ಷ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರೆಂದು ನನಗೇ ಗೊತ್ತಿರಲಿಲ್ಲ.

"ಒಂಬತ್ತು," ಎಂದೆ ಮೂರೂವರೆಗೆ.

"ಹನ್ನೊಂದು ಅಂತ ಬರ್ಕೊಟ್ಟಿದ್ದಾರಲ್ಲಮ್ಮ."

"ಹನ್ನೊಂದಲ್ಲ ಅಣ್ಣ, ಒಂಬತ್ತು."

ಮೂರೂವರೆ ಬೆರಳು ಮಡಚಿದರು. "ಒಂಬತ್ತು ಅಂದ್ರೆ ಹೊಸಿಲು ಹದಿನೆಂಟಕ್ಕೆ ಬರ್ಬೇಕು. ಸ್ಪ್ರಿಂಗೂ ಹೋಯ್ತು, ರಬ್ಬರೂ ಹೋಯ್ತು, ಟೈರೂ ಹೋಯ್ತು. ಪೂರಾ ಇಳಿಸೋದೇ." ಹೇಳಿ ನಮ್ಮಿಬ್ಬರನ್ನೂ ನೋಡಿದರು. ಸಂಸಾರಸ್ಥ ಮನುಷ್ಯ, ಟೀ ಹೇಳಿ ಬರ್ತೀನಿ ಎಂದು ಎದ್ದು ಹೋದರು.

ಯಜಮಾನರು ಟೈರಿನ ಮೇಲೆ ಕೈಯಿಟ್ಟುಕೊಂಡೇ ಇದ್ದರು. "ಅಪ್ಪ ಎತ್ತಿದ್ದನ್ನ ನಾನೇ ನೋಡಿ ಬರ್ಕೊಂಡಿದ್ದೀನಿ ಕಣೇ."

"ಅವರ ಎಡಗೈ ಎಲ್ಲಿತ್ತು ರೀ?"

ಇದಕ್ಕೆ ಜಗಳವಾಗುತ್ತದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನಿಮ್ಮ ಅಪ್ಪನಿಗಿಂತ ರಬ್ಬರು ಹೆಚ್ಚಾಯಿತೇ ಎಂಬುದು ಅದರಲ್ಲಿ ಮೃದುವಾದದ್ದು.

"ಮಿಷನ್ ಮೇಲೆ," ಎಂದರು.

"ನೋಡಿದ್ರಾ? ಮತ್ತೆ ಯಾಕೆ ಬರ್ಕೊಂಡ್ರಿ?"

"ಗೊತ್ತಿಲ್ಲ." ಟೈರಿನ ಸಂದಿಯಿಂದ ಒಂದು ಕಲ್ಲು ಕೀಳುತ್ತ ಹೇಳಿದರು. "ಹನ್ನೊಂದು ಅಂದ್ಯಲ್ಲ, ಅಪ್ಪ ಇನ್ನೂ ಹನ್ನೊಂದು ಎತ್ತುತ್ತಾನೆ ಅಂತ ಇಟ್ಕೊಳ್ಳೋಣ ಅನ್ನಿಸ್ತು. ಟೈರು ಒಂದಕ್ಕೇ ಅಲ್ಲ."

ನಾನು ಅವರನ್ನು ನೋಡಿದೆ. ಕಣ್ಣ ಕೆಳಗೆ ಕಪ್ಪು, ಕೆನ್ನೆಯ ಮೇಲೆ ಎರಡು ದಿನದ ಗಡ್ಡ. ದಣಿದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಮೂರೂವರೆ ಟೀ ಹಿಡಿದು ಬರುವಷ್ಟರಲ್ಲಿ ಅವರು ಮೊದಲ ಚಕ್ರದ ನಟ್ಟು ಸಡಿಲ ಮಾಡುತ್ತಿದ್ದರು.

ಮೂರೂವರೆ ತಮ್ಮ ಆಯುಷ್ಯದಲ್ಲಿ ಮೊದಲ ಸಲ ಎರಡೂವರೆ ದಿನದಲ್ಲಿ ಕೆಲಸ ಮುಗಿಸಿದರು. ಯಜಮಾನರು ರಜೆ ಹಾಕಿ ಪಕ್ಕದಲ್ಲೇ ಇದ್ದರು. ಗಾಡಿಯ ತಲೆಯ ಮೇಲಿದ್ದ ಲೈಟುಗಳು ಇಳಿದವು, ಹೆಡ್‌ಲೈಟು ಹೊಸ ಎತ್ತರಕ್ಕೆ ತಿರುಗಿತು, ಬಾಗಿಲ ಒಳಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿ ಬಂತು. ಭಾನುವಾರ ಸಂಜೆ ನಾನು ಬೀದಿಯಲ್ಲಿ ಒಂದು ಸುತ್ತು ಓಡಿಸಿದೆ. ಟೈರು ಗೋಳಾಡಲಿಲ್ಲ. ಸ್ಕೂಟರಿನವರಿಗೆ ಮುಖ ಇರುವುದು ಕಂಡಿತು. ದೊಡ್ಡ ಟೈರುಗಳನ್ನು ಯಜಮಾನರು ಹಿತ್ತಲಲ್ಲಿ ಒಂದರ ಮೇಲೊಂದು ಪೇರಿಸಿ ತಗಡು ಮುಚ್ಚಿದರು. ನಾನು ಏನೂ ತಮಾಷೆ ಮಾಡಲಿಲ್ಲ.

ಸೋಮವಾರ ಆರೂ ಕಾಲಿಗೆ ಮಾವ ಕೋಲೂರಿಕೊಂಡು ಹೊರಗೆ ಬಂದರು. ಆ ದಿನ ಯಜಮಾನರು ಪಾಳಿ ಬದಲಾಯಿಸಿಕೊಂಡು ಮನೆಯಲ್ಲಿದ್ದರು. ಗಾಜು ಒರೆಸುವ ನೆವದಲ್ಲಿ ಜೀಪಿನ ಮುಂದೆ ನಿಂತಿದ್ದರು. ಮಾವ ಮೆಟ್ಟಿಲ ಮೇಲೆ ಬಲಗಾಲಿಟ್ಟರು, ಹಿಡಿ ಹಿಡಿದರು, ಎಡಗಾಲು ಹೊಸಿಲ ಮೇಲಿಟ್ಟರು, ಸೀಟಿನಲ್ಲಿ ಕೂತರು. ಯಾರೂ ಅವರನ್ನು ಮುಟ್ಟಲಿಲ್ಲ. ಕೂತ ಮೇಲೆ ಅವರು ಮೆಟ್ಟಿಲನ್ನು ನೋಡಿದರು. ಕಣ್ಣಳತೆಯಲ್ಲೇ ಎದೆ ಸುತ್ತು ಹೇಳುತ್ತಿದ್ದ ಮನುಷ್ಯ.

"ಇದು ಹನ್ನೊಂದಲ್ಲ."

"ಅಲ್ಲ ಮಾವ. ಒಂಬತ್ತು."

"ಯಾರು ಅಳತೆ ತಗೊಂಡಿದ್ದು?"

"ನಾನೇ. ನೀವು ಉಸಿರು ಹಿಡಿದಿದ್ರಿ."

ನನ್ನ ಮೇಲೆ ರೇಗುತ್ತಾರೆಂದುಕೊಂಡೆ. ರೇಗಲಿಲ್ಲ. ಮಗನನ್ನು ಒಂದು ಸಲ ನೋಡಿದರು, ಬೋಳಾಗಿ ಕುಳ್ಳಗಾದ ಗಾಡಿಯ ಮೂತಿಯನ್ನು ಒಂದು ಸಲ ನೋಡಿದರು. ಆಮೇಲೆ ಕೋಲಿನ ತುದಿಯಿಂದ ಮೆಟ್ಟಿಲನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಯನ್ನು ತಟ್ಟಿದರು. ಬೋಲ್ಟಿನ ಕೆಳಗೆ ಇನ್ನೂ ಎರಡು ತೂತುಗಳಿದ್ದವು, ಖಾಲಿ. ನನಗೆ ಅದು ಗೊತ್ತಿರಲಿಲ್ಲ.

"ಇದೇನಪ್ಪಾ?"

ಯಜಮಾನರು ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. "ಹಾಗೇ ಬಿಡಿಸಿದ್ದೀನಿ ಅಪ್ಪ. ಮುಂದೆ ಬೇಕಾದ್ರೆ ಇಳಿಸ್ಕೋಬಹುದು ಅಂತ. ಮೇಲಿನ ಹೆಜ್ಜೆಗೆ ಹೇಗೂ ಹಿಡಿ ಇದೆ."

"ಒಂದಕ್ಕೆ ಎಷ್ಟು ಇಳಿಯುತ್ತೆ?"

"ಒಂದೂವರೆ ಇಂಚು."

ಮಾವ ತಲೆಯಾಡಿಸಿದರು, ನನ್ನ ಹೊಲಿಗೆಯಲ್ಲಿ ತಪ್ಪು ಸಿಗದ ದಿನ ಆಡಿಸುವ ಹಾಗೆ. ಆ ಎರಡು ತೂತುಗಳನ್ನು ಇನ್ನೊಮ್ಮೆ ನೋಡಿದರು.

"ಸಾಕಾಗುತ್ತೆ," ಎಂದು ಹೇಳಿ ಬಾಗಿಲು ತಾವೇ ಎಳೆದುಕೊಂಡರು.

ನಾನು ಗಾಡಿ ಹೊರಡಿಸುವವರೆಗೂ ನನ್ನ ಗಂಡ ಗಾಜಿನ ಅದೇ ಜಾಗವನ್ನು ಒರೆಸುತ್ತಿದ್ದರು.