ಅದೂ ನಾನೇ

ಅಣ್ಣ ಗೋಡೆಗೆ ಬಣ್ಣ ಬಳಿಯುವವನು. ಏಣಿಯ ಮೇಲೆ ನಿಂತು ಹಾಡು ಕಟ್ಟುವುದು ಅವನ ಚಟ. ಇಷ್ಟು ವರ್ಷ ಅವನ ಹಾಡು ಕೇಳಿದ್ದು ಗೋಡೆಗಳು ಮಾತ್ರ. ಈ ಸಲದ್ದನ್ನು ಯಾರೋ ರೆಕಾರ್ಡು ಮಾಡಿಬಿಟ್ಟರು, ಅದು ಎಲ್ಲರ ಫೋನಿಗೂ ಹಬ್ಬಿ ನನ್ನ ಅನ್ನಕ್ಕೇ ಕಲ್ಲು ಹಾಕಲು ಬಂತು. ಹಾಡಿನಲ್ಲಿದ್ದದ್ದು ನಾನು ನೆಲ ಒರೆಸುವ ಆಸ್ಪತ್ರೆ, ಅದನ್ನು ನಡೆಸುವುದು ಒಂದು ಧರ್ಮಸಂಸ್ಥೆ.

ದೇವರ ಮನೆಗೆ ಎರಡು ಬಾಗಿಲು, ಒಂದು ನಗದಿಗೆ, ಒಂದು ಸಾಲಕೆ;
ಸತ್ತವನ ಬೆರಳಿನ ಉಂಗುರ ಜಾರಿಸಿ ಸ್ವರ್ಗಕೆ ರಸೀದಿ ಕೊಟ್ಟವನೇ!

ಉಂಗುರದ ಸಂಗತಿ ಅಣ್ಣನಿಗೆ ಹೇಳಿದ್ದು ನಾನು. ಒಬ್ಬ ಬಡಗಿ ಸತ್ತ ದಿನ, ಬಿಲ್ಲು ಬಾಕಿಯಿದೆ ಎಂದು ಮ್ಯಾನೇಜರು ಸೋಪುನೀರು ತರಿಸಿ ಅವನ ಬೆರಳಿಂದ ಉಂಗುರ ತೆಗೆಸಿಕೊಂಡರು. ಹೆಂಡತಿ ಬಂದು ಕೇಳಿದರೆ, ಉಂಗುರ ಇರಲೇ ಇಲ್ಲ ಎಂದರು. ಸೋಪುನೀರು ತಂದುಕೊಟ್ಟವಳೂ ನಾನೇ.

ಸಂಸ್ಥೆಯ ವಕೀಲರು ನಮ್ಮಿಬ್ಬರನ್ನೂ ಕರೆಸಿದರು. ಗದರಲಿಲ್ಲ, ಕುರ್ಚಿ ಕೊಟ್ಟರು.

"ಹಾಡು ನಿಲ್ಲಿಸಿ ಅಂತ ನಾವು ಹೇಳ್ತಿಲ್ಲ. ಅದರ ಅರ್ಥ ಏನು ಅಂತ ಬರೆದು ಸಹಿ ಹಾಕಿ, ಸಾಕು. ನಿಮ್ಮ ತಂಗಿಗೆ ಪಿಂಚಣಿಗೆ ಇನ್ನೆರಡೇ ವರ್ಷ ಅಲ್ವಾ?"

ಅಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನೆಲ ನೋಡಿ ನನಗೆ ಅಭ್ಯಾಸವಿದೆ.

ವಕೀಲರು ಒಂದೊಂದೇ ಸಾಲು ಓದಿದರು. "ಈ ಎರಡು ಬಾಗಿಲು ಇಟ್ಟವನು ಯಾರು?"

"ನಾನೇ. ನನ್ನೊಳಗಿನ ದುರಾಸೆ ಅಂತ ಬರ್ಕೊಳ್ಳಿ."

"ಉಂಗುರ ತೆಗೆದವನು?"

ಅಣ್ಣ ಉಗುರಿನಲ್ಲಿ ಒಣಗಿದ ಬಿಳಿ ಬಣ್ಣವನ್ನು ಕೆರೆದ. "ಅದೂ ನಾನೇ."

ಸಾಕ್ಷಿಯ ಸಹಿ ನಾನು ಹಾಕಿದೆ.

ಆಮೇಲೆ ಆ ಹಾಡನ್ನು ಆಸ್ಪತ್ರೆಯ ಹಜಾರದಲ್ಲೇ ಹಾಕತೊಡಗಿದರು. ಅರ್ಥದ ಕಾಗದಕ್ಕೆ ಗಾಜು ಹಾಕಿಸಿ, "ಒಬ್ಬ ಪಾಪಿಯ ಪಶ್ಚಾತ್ತಾಪ" ಎಂದು ತಲೆಬರಹ ಕೊಟ್ಟು, ಬಿಲ್ಲು ಕಟ್ಟುವ ಕಿಟಕಿಯ ಪಕ್ಕ ತೂಗುಹಾಕಿದರು. ಜನ ಸಾಲಿನಲ್ಲಿ ನಿಂತು ಓದಿ, ಕಣ್ಣೊರೆಸಿಕೊಂಡು, ಕಾಣಿಕೆ ಡಬ್ಬಿಗೂ ಹಾಕಿ ಹೋಗುತ್ತಾರೆ. ಬೈಗುಳದಲ್ಲೂ ಲಾಭ ಕಂಡ ಈ ಪುಣ್ಯಾತ್ಮರ ಹೊಟ್ಟೆ ತಣ್ಣಗಿರಲಿ! ಅಣ್ಣ ಈಗ ಏಣಿ ಹತ್ತಿದರೆ ಬಾಯಿ ಬಿಡುವುದಿಲ್ಲ.

ಹೋದ ವಾರ ಬಡಗಿಯ ಹೆಂಡತಿ ಮಂಡಿನೋವೆಂದು ಬಂದಳು. ಕಿಟಕಿಯ ಹತ್ತಿರ ನಿಂತು ಆ ಕಾಗದ ಓದಿದಳು. ಇನ್ನೊಮ್ಮೆ ಓದಿದಳು. ನಾನು ಬಕೆಟ್ಟು ಎತ್ತಿಕೊಂಡು ಜಾರಿಕೊಳ್ಳುವಷ್ಟರಲ್ಲಿ ನನ್ನ ತೋಳು ಹಿಡಿದಳು.

"ನೋಡಕ್ಕ, ಉಂಗುರ ತೆಗೆದವನು ಇವನೇ! ಅವನೇ ಒಪ್ಕೊಂಡಿದ್ದಾನೆ ನೋಡು. ಪಾಪ, ನಾನು ಸುಮ್ನೆ ಈ ಆಸ್ಪತ್ರೆಯವರ ಮೇಲೆ ಅನುಮಾನ ಪಟ್ಟೆ. ಅವನ ಕೈ ಸೇದಿಹೋಗ್ಲಿ! ಯಾರಕ್ಕ ಅವನು, ನಿಂಗೊತ್ತಾ?"

ಮೇಲೆ ಸ್ಪೀಕರಿನಲ್ಲಿ ಅಣ್ಣನ ದನಿ ಹಾಡುತ್ತಿತ್ತು. ನನ್ನ ಕೈಯಲ್ಲಿ ಅವತ್ತಿನದೇ ಬಕೆಟ್ಟು, ಅದೇ ಸೋಪುನೀರು.

"ಗೊತ್ತಿಲ್ಲಮ್ಮ," ಎಂದೆ. "ಒಂಚೂರು ಕಾಲು ತೆಗಿ, ಒರೆಸ್ಬೇಕು."