ಮಾಡದ ಪ್ರಯೋಗಕ್ಕೆ ಇಪ್ಪತ್ತು ಅಂಕ

ರಸಾಯನಶಾಸ್ತ್ರ ವಿಭಾಗದ ಸೂಚನಾಫಲಕದಲ್ಲಿ ನನ್ನ ಕ್ರಮಸಂಖ್ಯೆಯ ಮುಂದೆ ಇಪ್ಪತ್ತಕ್ಕೆ ಇಪ್ಪತ್ತು ಎಂದು ಬರೆದಿತ್ತು. ಇಡೀ ತರಗತಿಯಲ್ಲಿ ಪೂರ್ಣ ಅಂಕ ಬಂದದ್ದು ನನಗೊಬ್ಬಳಿಗೇ. ಆ ಪ್ರಯೋಗವನ್ನು ನಾನು ಮಾಡಿರಲಿಲ್ಲ.

ಮಾಡಿರಲಿಲ್ಲ ಎಂದರೆ ಪರೀಕ್ಷೆಯ ದಿನ ಪ್ರಯೋಗಾಲಯದಲ್ಲಿ ಇರಲಿಲ್ಲವೆಂದು ಅರ್ಥವಲ್ಲ. ಇದ್ದೆ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಮದುವೆಮನೆಗೆ ಬಂದ ದೂರದ ಅಜ್ಜಿಯನ್ನು ಕೂರಿಸಿದಂತೆ ನನ್ನನ್ನು ಕೂರಿಸಿದ್ದರು. ನನ್ನ ಜೊತೆಗಾತಿ ಗುಬ್ಬಿ ಮೊದಲು ತನ್ನ ಪ್ರಯೋಗವನ್ನು ಮುಗಿಸಿ, ಆಮೇಲೆ ನನ್ನದನ್ನೂ ಮಾಡಿ, ಉತ್ತರವನ್ನು ಮೆಲ್ಲಗೆ ಹೇಳಿದಳು. ಎಡಗೈಯಲ್ಲಿ, ಒಂದನೇ ತರಗತಿಯ ಮಗುವಿನಂತೆ ಅಂಕುಡೊಂಕಾಗಿಯಾದರೂ, ಅದನ್ನು ನಾನು ಬರೆಯಬಹುದಿತ್ತು. ಅದನ್ನೂ ಅವಳೇ ಬರೆದಳು. ಮೇಷ್ಟ್ರು ನೋಡಿಯೂ ನೋಡದಂತೆ ಆಚೆ ಹೋದರು.

ಗುಬ್ಬಿ ಎಂಬುದು ಅವಳ ಹೆಸರಲ್ಲ. ಗಿಡ್ಡಗಿದ್ದು, ದಿನವಿಡೀ ಚಿಲಿಪಿಲಿ ಎನ್ನುತ್ತಿದ್ದುದರಿಂದ ಆ ಹೆಸರು. ಎಲ್ಲದಕ್ಕೂ ವಾದಕ್ಕಿಳಿಯುತ್ತಿದ್ದುದರಿಂದ ನಾನು ಲಾಯರಮ್ಮ. ಮೊದಲ ವರ್ಷದಿಂದ ನಾವಿಬ್ಬರೂ ಒಂದೇ ಮೇಜು, ಒಂದೇ ಬ್ಯುರೆಟ್ಟು. ದ್ರಾವಣ ಹನಿಹನಿಯಾಗಿ ಇಳಿಯುವ ಆ ಉದ್ದನೆಯ ಗಾಜಿನ ಕೊಳವೆಯ ಬುಡದಲ್ಲಿ ಪುಟ್ಟದೊಂದು ತಿರುಗಣೆ ಇರುತ್ತದೆ. ಒಂದು ಕೈ ಅದನ್ನು ತಿರುಗಿಸುತ್ತಿರಬೇಕು, ಇನ್ನೊಂದು ಕೈ ಕೆಳಗಿನ ಫ್ಲಾಸ್ಕನ್ನು ಅಲುಗಿಸುತ್ತಿರಬೇಕು. ಕೊನೆಯ ಹನಿಗೆ ನೀರಿನಂಥ ದ್ರಾವಣ ತಿಳಿಗುಲಾಬಿಯಾಗಿ ನಿಲ್ಲುತ್ತದೆ. ಒಂದು ಹನಿ ಹೆಚ್ಚಾದರೂ ಬಣ್ಣ ಗಾಢವಾಗಿ ಲೆಕ್ಕ ಕೆಡುತ್ತದೆ. ಎರಡು ಕೈಗಳ ಕೆಲಸವದು. ನನಗೆ ಉಳಿದಿದ್ದುದು ಒಂದು.

ಹಿಂದಿನ ವರ್ಷ ರಜೆಗೆಂದು ಊರಿಗೆ ಹೊರಟಿದ್ದ ಬಸ್ಸು ತಿರುವಿನಲ್ಲಿ ಮಗುಚಿಕೊಂಡಿತು. ಬಲಗೈಯನ್ನು ಮೊಣಕೈಯ ಸ್ವಲ್ಪ ಕೆಳಗೆ ತೆಗೆದರು. ಗಾಯ ಮಾಯುವಷ್ಟರಲ್ಲಿ ಒಂದು ಸೆಮಿಸ್ಟರ್ ಕಳೆದಿತ್ತು. ಮನೆಯಲ್ಲೇ ಓದಿಕೊಂಡು, ಬಿಟ್ಟುಹೋದ ಪರೀಕ್ಷೆಗಳನ್ನು ಎಡಗೈಯಲ್ಲಿ ಬರೆದು, ಅದೇ ತರಗತಿಗೆ ಮರಳಿ ಬಂದೆ.

ಕಾಲೇಜು ನನ್ನನ್ನು ಬಹಳ ಚೆನ್ನಾಗಿ ಬರಮಾಡಿಕೊಂಡಿತು. ತೊಂದರೆಯಾದದ್ದೇ ಅದರಿಂದ. ಊಟದ ಸಾಲಿನಲ್ಲಿ ನಾನು ನಿಂತರೆ ಮುಂದಿನವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಹಾಗಾಗಿ ಸಾಲಿನಲ್ಲಿ ನಡೆಯುವ ಹರಟೆ ನನಗೆ ತಪ್ಪಿತು. ನನ್ನ ಅನುಕೂಲಕ್ಕೆಂದು ಹಾಸ್ಟೆಲಿನಲ್ಲಿ ಒಂಟಿ ಕೋಣೆ ಕೊಟ್ಟರು. ಹಾಗಾಗಿ ದೀಪ ಆರಿಸುವ ವಿಷಯಕ್ಕೆ ಜಗಳವಾಡಲು ಯಾರೂ ಇಲ್ಲವಾದರು. ಟೂತ್‌ಪೇಸ್ಟಿನ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆರೆಯುವುದನ್ನೂ, ಬಾಗಿಲ ಚಿಲಕಕ್ಕೆ ಟವೆಲನ್ನು ಸಿಕ್ಕಿಸಿ ಹಿಂಡುವುದನ್ನೂ ಆ ಕೋಣೆಯಲ್ಲಿ ಕಲಿತೆ. ಕಲಿತೆನೆಂದು ಹೇಳಿಕೊಳ್ಳಲು ಎದುರಿಗೆ ಗೋಡೆಯಿತ್ತು.

ನಮ್ಮ ಭಾಷೆಯಲ್ಲಿ ಕೈಯಿಲ್ಲದ ಮಾತೇ ಕಡಿಮೆ. ‘ಈ ಸಲ ಒಂದು ಕೈ ನೋಡೇ ಬಿಡೋಣ’ ಎಂದು ಯಾರೋ ಕೂಗುವರು. ನನ್ನನ್ನು ಕಂಡೊಡನೆ ನಾಲಿಗೆ ಕಚ್ಚಿಕೊಳ್ಳುವರು. ಕೈಕೊಟ್ಟ ಗೆಳೆಯ, ಕೈತಪ್ಪಿದ ಅಂಕ, ಕೈಮೀರಿದ ಪಾಠ ಎಲ್ಲವೂ ನಾನು ಹೊರಗೆ ಹೋಗುವುದನ್ನೇ ಕಾಯುತ್ತಿದ್ದವು. ಬಾಗಿಲು ದಾಟಿದ ಮೇಲೆ ಒಳಗಿನಿಂದ ನಗು ಕೇಳುತ್ತಿತ್ತು. ಆ ನಗು ನನ್ನ ಕುರಿತಾಗಿರಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಲಾಯರಮ್ಮ ಎಂದು ಯಾರೂ ಕರೆಯದೆ ತಿಂಗಳುಗಳಾಗಿದ್ದವು.

ಅಮ್ಮನಾದರೋ, ನನ್ನ ಎಲ್ಲ ಬಟ್ಟೆಗಳ ಬಲತೋಳನ್ನೂ, ಪ್ರಯೋಗಾಲಯದ ಬಿಳಿ ಕೋಟಿನದನ್ನೂ, ತುದಿಯಲ್ಲಿ ಚೀಲದ ಬಾಯಿಯಂತೆ ಮುಚ್ಚಿ ಹೊಲಿದು ಕಳಿಸಿದ್ದಳು. “ಕಂಡೋರೆಲ್ಲ ಯಾಕೆ ನೋಡ್ಬೇಕು ಪುಟ್ಟಿ?” ಎಂದಿದ್ದಳು. ಅಪ್ಪ ಶಾಲಾ ಮೇಷ್ಟ್ರು. ಅವರು ಏನೂ ಹೇಳಿರಲಿಲ್ಲ. ಆದರೆ ನಾನು ಅವರ ಶಾಲೆಯಲ್ಲೇ ಓದಿದವಳು. ಪಕ್ಕದವನ ಉತ್ತರ ಎಷ್ಟೇ ಸರಿಯಿದ್ದರೂ ನಿನ್ನ ಹಾಳೆಯಲ್ಲಿ ಅದು ತಪ್ಪೇ ಎಂದು ಅವರು ಕಲಿಸುತ್ತಿದ್ದರು. ಪಕ್ಕದವನು ದಯೆಯಿಂದ ತೋರಿಸಿದ್ದರೆ ಸರಿಯಾಗುತ್ತದೆಯೆಂಬ ರಿಯಾಯಿತಿ ಆ ಪಾಠದಲ್ಲಿರಲಿಲ್ಲ.

ಅದಕ್ಕೇ ರಸಾಯನಶಾಸ್ತ್ರದ ಮೇಷ್ಟ್ರ ಕೋಣೆಗೆ ಹೋದೆ. ಅವರನ್ನು ಹುಡುಗರು ಹನಿ ಮೇಷ್ಟ್ರು ಎನ್ನುತ್ತಿದ್ದರು. ‘ಒಂದೊಂದೇ ಹನಿ, ಒಂದೊಂದೇ ಹನಿ’ ಎಂದು ಬೆನ್ನ ಹಿಂದೆ ನಿಂತು ಜೀವ ತಿನ್ನುತ್ತಿದ್ದರು.

“ಸಾರ್, ನನ್ನ ಮಾರ್ಕ್ಸು ತಪ್ಪಾಗಿದೆ.”

“ಇಪ್ಪತ್ತಕ್ಕೆ ಇಪ್ಪತ್ತೊಂದು ಕೊಡಕ್ಕಾಗಲ್ಲಮ್ಮ.”

“ಜಾಸ್ತಿ ಬಂದಿದೆ. ಆ ಪ್ರಯೋಗ ನಾನು ಮಾಡಿಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಮ್ಮ, ನಿನ್ನ ಪರಿಸ್ಥಿತಿ ನಮಗೆಲ್ಲ ಗೊತ್ತಿದೆ. ಯಾರೂ ಕೇಳಲ್ಲ. ಸುಮ್ನೆ ಇಟ್ಕೋ.”

“ಯಾರೂ ಕೇಳಲ್ಲ ಅಂತಾನೇ ನಾನು ಕೇಳ್ತಿದ್ದೀನಿ ಸಾರ್.”

“ಮಿಕ್ಕೋರು ಇನ್ನೊಂದು ಮಾರ್ಕ್ಸ್ ಹಾಕಿ ಅಂತ ಕಾಲು ಹಿಡೀತಾರೆ. ನಿನಗ್ಯಾಕಮ್ಮ ಈ ಹಟ? ಮುಂದಿನ ವರ್ಷ ಇತಿಹಾಸಕ್ಕೆ ಬದಲಾಯಿಸ್ಕೋ. ಅಲ್ಲಿ ಇದೆಲ್ಲ ತಾಪತ್ರಯ ಇಲ್ಲ.”

ಅಷ್ಟು ಹೊತ್ತು ತಡೆದಿಟ್ಟಿದ್ದ ಕೋಪ ಆ ಮಾತಿಗೆ ಕಟ್ಟೆಯೊಡೆಯಿತು. “ಮೊದಲನೇ ವರ್ಷ ಬಣ್ಣ ಒಂಚೂರು ಗಾಢ ಆಯ್ತು ಅಂತ ನೀವೇ ನನ್ನ ಮಾರ್ಕ್ಸ್ ಕಿತ್ಕೊಂಡಿದ್ರಿ. ಈಗ ಬಣ್ಣಾನೇ ನೋಡ್ದೆ ಪೂರ್ತಿ ಕೊಟ್ಟಿದ್ದೀರಿ. ಆ ಬಸ್ಸಲ್ಲಿ ನನ್ನ ಕೈ ಜೊತೆ ನಿಮ್ಮ ತಕ್ಕಡೀನೂ ಹೋಯ್ತಾ ಸಾರ್?”

ಅವರ ಮುಖ ಕೆಂಪಾಯಿತು. ಬೈಯುತ್ತಾರೆಂದು ನಾನು ಆಸೆಯಿಂದ ಕಾದೆ. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು, “ಶುಕ್ರವಾರ ನಿಮ್ಮ ಬ್ಯಾಚಿನ ಲ್ಯಾಬ್ ಇದೆ. ಮಾಡು. ಆದ್ರೆ ಆಗ್ಲಿಲ್ಲ ಅಂದ್ರೆ ಸೊನ್ನೆ. ಸೊನ್ನೆ ಬಂದ್ರೆ ಮುಂದಿನ ವರ್ಷ ಈ ವಿಭಾಗದಲ್ಲಿ ಜಾಗ ಇಲ್ಲ. ಈ ಇಪ್ಪತ್ತು ಮತ್ತೆ ಸಿಗಲ್ಲ. ಯೋಚ್ನೆ ಮಾಡು,” ಎಂದರು.

ಸುದ್ದಿ ನನಗಿಂತ ಮೊದಲೇ ಹೊರಗೆ ತಲುಪಿತ್ತು. ಗುಬ್ಬಿ ಮೆಟ್ಟಿಲ ಬಳಿ ಕಾದಿದ್ದಳು.

“ಅಂದ್ರೆ ನಾನು ಕಳ್ಳಿ, ನೀನು ಸತ್ಯವಂತೆ. ಅಷ್ಟೇ ತಾನೇ?”

“ನಾನು ಹಾಗನ್ನಲಿಲ್ಲ.”

“ಅನ್ನೋದೇನು ಬಂತು? ಎರಡು ಪ್ರಯೋಗ ಮಾಡಿ ಸೊಂಟ ಬಿದ್ದೋಯ್ತು ನಂಗೆ. ನಿಂಗೆ ಇಪ್ಪತ್ತು, ನಂಗೆ ಹದಿನಾರು. ಒಂದು ಮಾತಾಡಿದ್ನಾ?”

“ಅದಕ್ಕೇ ಕಣೇ! ಮಾತಾಡ್ಬೇಕಿತ್ತು. ಮೊದಲಾಗಿದ್ರೆ ನನ್ನ ಜುಟ್ಟು ಹಿಡಿದು ಕೇಳ್ತಿದ್ದೆ.”

“ಮೊದಲು ನೀನು…” ಎಂದವಳು ಅಲ್ಲಿಗೇ ನಿಲ್ಲಿಸಿದಳು.

“ಹೇಳು. ಮೊದಲು ನಾನು ಏನಾಗಿದ್ದೆ?”

“ಏನಿಲ್ಲ. ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ.”

ನಿಮಗೆ! ಕಣೇ, ಹೋಗೇ, ಬಾರೇ ಎಂದು ಬೆಳೆದ ಗೆಳೆತನಕ್ಕೆ ಅವಳು ಬಹುವಚನದ ಬಾಗಿಲು ಹಾಕಿ ಹೋದಳು. ಅಪಘಾತದ ದಿನ ನನಗೆ ಎಚ್ಚರ ತಪ್ಪಿತ್ತು. ಈ ದಿನ ಎಚ್ಚರವಿತ್ತು.

ಆ ವಾರ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಉಪಕಾರ ಮಾಡಿದವಳ ಮನೆಗೇ ಕೊಳ್ಳಿಯಿಟ್ಟಳು ಎಂಬುದು ತರಗತಿಯ ತೀರ್ಪು. ಅದು ಅನ್ಯಾಯವೆಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಒಬ್ಬಳ ಕೆಲಸವನ್ನು ಕಸಿದುಕೊಂಡು, ಅದಕ್ಕೆ ಸಹಾಯವೆಂದು ಹೆಸರಿಟ್ಟು, ಕೃತಜ್ಞತೆಯನ್ನೂ ವಸೂಲು ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ನ್ಯಾಯ ನಮ್ಮ ಕಡೆಗಿದ್ದರೆ ಸಂಜೆ ಮಾತಾಡಲು ಯಾರಾದರೂ ಸಿಗುತ್ತಾರೆಂದು ಅಪ್ಪನ ಶಾಲೆಯಲ್ಲಿ ಕಲಿಸಿರಲಿಲ್ಲ. ಗುರುವಾರ ಅಮ್ಮ ಫೋನು ಮಾಡಿ, “ಗುಬ್ಬಿ ಚೆನ್ನಾಗಿ ನೋಡ್ಕೊಳ್ತಿದ್ದಾಳಾ?” ಎಂದು ಕೇಳಿದಳು. ಹೂಂ ಎಂದೆ.

ಶುಕ್ರವಾರ ನನಗೆ ಮೂಲೆಯ ಮೇಜು ಕೊಟ್ಟರು. ಉಳಿದವರೆಲ್ಲ ಬೇರೊಂದು ಪ್ರಯೋಗದಲ್ಲಿದ್ದರು. ಗುಬ್ಬಿ ಎರಡು ಮೇಜುಗಳಾಚೆ ನನಗೆ ಬೆನ್ನು ಮಾಡಿ ನಿಂತಿದ್ದಳು. ಪಿಪೆಟ್ಟಿನಲ್ಲಿ ಆಮ್ಲವನ್ನು ಅಳೆದು ಫ್ಲಾಸ್ಕಿಗೆ ಬಿಡಲು ಒಂದು ಕೈ ಸಾಕಾಯಿತು. ಬ್ಯುರೆಟ್ಟಿಗೆ ಕ್ಷಾರವನ್ನು ತುಂಬಲೂ ಸಾಕಾಯಿತು. ಫ್ಲಾಸ್ಕಿಗೆ ಬಣ್ಣ ತೋರಿಸುವ ಸೂಚಕದ ಹನಿಗಳನ್ನು ಹಾಕಿ, ತಿರುಗಣೆಯ ಮುಂದೆ ನಿಂತೆ.

ಮೊದಲು, ಎಡಗೈಯಿಂದ ತಿರುಗಣೆ ತೆರೆದು, ಮುಚ್ಚಿ, ಅದೇ ಕೈಯಿಂದ ಫ್ಲಾಸ್ಕನ್ನು ಅಲುಗಿಸಿ, ಮತ್ತೆ ತಿರುಗಣೆಗೆ ಹೋಗುವುದೆಂದು ಯೋಚಿಸಿದ್ದೆ. ಕೋಣೆಯಲ್ಲಿ ಲೋಟ ಚೊಂಬುಗಳನ್ನಿಟ್ಟುಕೊಂಡು ಅಭ್ಯಾಸವನ್ನೂ ಮಾಡಿದ್ದೆ. ಆದರೆ ಚೊಂಬು ಹನಿ ಬಿಡುವುದಿಲ್ಲ. ಕೈ ಅಲ್ಲಿಂದಿಲ್ಲಿಗೆ ಬರುವಷ್ಟರಲ್ಲಿ ಅರೆಬರೆ ಮುಚ್ಚಿದ್ದ ತಿರುಗಣೆಯಿಂದ ಹನಿಗಳು ಸಾಲಾಗಿ ಬಿದ್ದು, ಫ್ಲಾಸ್ಕು ಕಡುಗೆಂಪಾಯಿತು. ಚೆಲ್ಲಿದೆ. ತೊಳೆದು ಮತ್ತೆ ಮಾಡಿದೆ. ಮತ್ತೆ ಕೆಂಪು. ಆ ಹೊತ್ತಿಗೆ ಕೆಲವರು ಮುಗಿಸಿ ಕೋಟು ಬಿಚ್ಚುತ್ತಿದ್ದರು. ಹನಿ ಮೇಷ್ಟ್ರು ಗೋಡೆಯ ಗಡಿಯಾರವನ್ನು ನೋಡಿದರು. ಗುಬ್ಬಿ ಅರ್ಧ ತಿರುಗಿ, ಒಂದು ಹೆಜ್ಜೆ ಇತ್ತ ಇಟ್ಟು, ಏನನ್ನೋ ನೆನೆದುಕೊಂಡವಳಂತೆ ನಿಂತುಬಿಟ್ಟಳು.

ನಾನು ನನ್ನ ಬಲತೋಳನ್ನು ನೋಡಿದೆ. ಚೀಲದೊಳಗೆ ಕಟ್ಟಿಟ್ಟ ಸಾಮಾನಿನಂತೆ ಅದು ಅಷ್ಟು ಹೊತ್ತೂ ಪಕ್ಕದಲ್ಲಿ ತೂಗುತ್ತಿತ್ತು.

ಮೇಜಿನ ಮೇಲೆ ಶೋಧಕ ಕಾಗದ ಕತ್ತರಿಸುವ ಕತ್ತರಿಯಿತ್ತು. ಬಲಗೈಗೆಂದು ಮಾಡಿದ ಕತ್ತರಿ. ಎಡಗೈಯಲ್ಲಿ ಹಿಡಿದರೆ ಬಟ್ಟೆಯನ್ನು ಕಚ್ಚದೆ ಮಡಚುತ್ತದೆ. ಕತ್ತರಿಯನ್ನು ಬಿಸುಟು ಹಲ್ಲು ಹಾಕಿದೆ. ಅಮ್ಮನ ಹೊಲಿಗೆ ಗಟ್ಟಿ. ಒಂದೊಂದೇ ಗಂಟನ್ನು ಕಚ್ಚಿ, ಎಳೆದು, ಬಾಯಿಗೆ ಬಂದ ದಾರವನ್ನು ಉಗುಳಿ, ಕೋಟಿನದಾದ ಮೇಲೆ ಒಳಗಿನ ಅಂಗಿಯದನ್ನೂ ಬಿಚ್ಚಿ, ತೋಳನ್ನು ಮೊಣಕೈಯವರೆಗೆ ಮೇಲೆ ತಳ್ಳಿದೆ. ವೈದ್ಯರು ಮತ್ತು ಅಮ್ಮನನ್ನು ಬಿಟ್ಟು ಬೇರೆ ಯಾರೂ ನೋಡಿರದ ಆ ಮೊಂಡುತುದಿ, ಹೊಲಿಗೆಯ ಗುರುತುಗಳೊಡನೆ, ಪ್ರಯೋಗಾಲಯದ ಬೆಳಕಿಗೆ ಬಂತು.

ಇಡೀ ಪ್ರಯೋಗಾಲಯ ಏಕಾಏಕಿ ಮಹಾ ಶ್ರದ್ಧೆಯಿಂದ ತಂತಮ್ಮ ಮೇಜುಗಳನ್ನು ನೋಡತೊಡಗಿತು. ಅಷ್ಟು ಶ್ರದ್ಧೆ ಪರೀಕ್ಷೆಯ ದಿನವೂ ಇರಲಿಲ್ಲ.

ಹೊಸದಾಗಿ ದ್ರಾವಣವನ್ನು ತುಂಬಿ, ಮೊಂಡುಗೈಯ ತುದಿಯಿಂದ ತಿರುಗಣೆಯನ್ನು ನೂಕಿದೆ. ಎಳೆಯ ಚರ್ಮಕ್ಕೆ ಗಾಜು ಚುರ್ರೆನ್ನುವಷ್ಟು ತಣ್ಣಗಿತ್ತು. ಒಮ್ಮೆ ಜಾರಿತು. ಕೆಳಗಿನಿಂದ ಒತ್ತು ಕೊಟ್ಟು ಮತ್ತೆ ನೂಕಿದೆ. ಒಂದು ಹನಿ ಬಿತ್ತು. ಎಡಗೈಯಲ್ಲಿ ಫ್ಲಾಸ್ಕು ಸುತ್ತುತ್ತಿತ್ತು. ಗುಲಾಬಿ ಮೂಡಿತು, ಮಾಯವಾಯಿತು. ಇನ್ನೊಂದು ಹನಿ. ಮೂಡಿತು, ಕೊಂಚ ತಡೆದು ಮಾಯವಾಯಿತು. ಬೆನ್ನ ಹಿಂದೆ ಯಾರೂ ‘ಒಂದೊಂದೇ ಹನಿ’ ಎನ್ನಲಿಲ್ಲ, ನಾನೇ ಅಂದುಕೊಂಡೆ. ಆಮೇಲೊಂದು ಹನಿಗೆ ಬಣ್ಣ ಮೂಡಿ, ಹೋಗಲೊಲ್ಲದೆ ನಿಂತಿತು.

ಮೇಷ್ಟ್ರು ಬಂದು ಫ್ಲಾಸ್ಕನ್ನು ಬಿಳಿ ಕಾಗದದ ಮೇಲಿಟ್ಟು ಬಗ್ಗಿ ನೋಡಿದರು.

“ಇದನ್ನ ತಿಳಿಗುಲಾಬಿ ಅಂತಾರೇನಮ್ಮ? ಬೀಟ್‌ರೂಟಿನ ತಂಗಿ ಇದು. ಇನ್ನೊಂದ್ಸಲ ಮಾಡು.”

ಇನ್ನೊಂದು ಸಲ ಮಾಡಿದೆ. ಬಣ್ಣ ಇನ್ನಷ್ಟು ತಿಳಿಯಾಯಿತು. ಎರಡು ಅಳತೆಗಳ ನಡುವೆ ಇರಬಾರದಷ್ಟು ಅಂತರವಿತ್ತು. ಇದ್ದುದನ್ನು ಇದ್ದ ಹಾಗೆಯೇ, ಎಡಗೈಯಲ್ಲಿ, ಅಂಕುಡೊಂಕಾಗಿ ಬರೆದು ಕೊಟ್ಟೆ. ಅವರು ಕೆಂಪು ಪೆನ್ನು ತೆಗೆದರು.

“ಹನ್ನೆರಡು. ವಾದ ಇದ್ಯಾ?”

“ಇದೆ ಸಾರ್. ಹದಿಮೂರು ಬರ್ಬೇಕು. ಎರಡನೇದು ಬೀಟ್‌ರೂಟ್ ಆಗಿರ್ಲಿಲ್ಲ.”

“ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು ಇದ್ದ ಹಾಗಿದೆ, ಅದಕ್ಕೆ ಒಂದು ಹೋಯ್ತು. ಗಾಜೆಲ್ಲ ತೊಳೆದಿಟ್ಟು ಹೋಗು. ಮಾಡ್ದೋರೇ ತೊಳೀಬೇಕು.”

ಕಾಲೇಜಿಗೆ ಮರಳಿದ ಮೇಲೆ ನನ್ನನ್ನು ಒಬ್ಬರು ಬೈದದ್ದು ಅದೇ ಮೊದಲು.

ಎಲ್ಲರೂ ಹೊರಟುಹೋದರು. ಮೇಷ್ಟ್ರೂ ಹೋದರು. ತೊಟ್ಟಿಯ ಮುಂದೆ ನಿಂತು, ಫ್ಲಾಸ್ಕುಗಳನ್ನು ಮೊಣಕೈಯ ಮಡಿಕೆಯಲ್ಲಿ ಅವುಚಿಕೊಂಡು ಒಂದೊಂದಾಗಿ ಉಜ್ಜಿದೆ. ಬಿಚ್ಚಿದ ತೋಳು ಜಾರಿ ಜಾರಿ ನೀರಿನಲ್ಲಿ ತೊಯ್ಯುತ್ತಿತ್ತು. ಖಾಲಿ ಪ್ರಯೋಗಾಲಯದಲ್ಲಿ ನಲ್ಲಿಯ ಸದ್ದು ದೊಡ್ಡದಾಗಿ ಕೇಳುತ್ತದೆ. ಹನ್ನೆರಡು ಬಂತೆಂದು ಯಾರಿಗೆ ಹೇಳುವುದೆಂದು ಯೋಚಿಸಿದೆ. ಅಮ್ಮನಿಗೆ ಹೇಳಿದರೆ ಹೊಲಿಗೆ ಬಿಚ್ಚಿದ್ದನ್ನೂ ಹೇಳಬೇಕಾಗುತ್ತದೆ.

“ಏ ಲಾಯರಮ್ಮ.”

ತಿರುಗಿದೆ. ಗುಬ್ಬಿ ಬಾಗಿಲಲ್ಲಿ ಚೀಲ ಹೆಗಲಿಗೇರಿಸಿ ನಿಂತಿದ್ದಳು. ಮುಖ ಇನ್ನೂ ಊದಿಕೊಂಡೇ ಇತ್ತು. ಹೊಸ್ತಿಲು ದಾಟಲಿಲ್ಲ.

“ಆ ತೊಟ್ಟೀಲಿ ನನ್ನ ಪಿಪೆಟ್ಟೂ ಇದೆ. ಮುರಿದ್ಯೋ, ನಿನ್ನ ಗ್ರಹಚಾರ ಬಿಡಿಸ್ತೀನಿ.”

ಅಷ್ಟು ಹೇಳಿ ಹೋದಳು. ಕ್ಷಮೆಯಲ್ಲ, ರಾಜಿಯಲ್ಲ, ಹನ್ನೆರಡು ಬಂತಂತೆ ಎಂಬ ಮಾತೂ ಇಲ್ಲ.

“ನಿಂದಾದ್ರೆ ನೀನೇ ಬಂದು ತೊಳ್ಕೊಳೇ!” ಎಂದು ಕೂಗಿದೆ.

ಅವಳಿಗೆ ಕೇಳಿಸಿತೋ ಇಲ್ಲವೋ. ಚಪ್ಪಲಿಯ ಸದ್ದು ಕಾರಿಡಾರಿನುದ್ದಕ್ಕೂ ಹೋಗಿ, ಮೆಟ್ಟಿಲ ಬಳಿ ನಿಂತಂತಾಯಿತು. ಇಳಿದುಹೋಗಿದ್ದರೂ ಹೋಗಿರಬಹುದು, ನೀರಿನ ಸದ್ದಿನಲ್ಲಿ ತಿಳಿಯಲಿಲ್ಲ. ಎಡಗೈಯಲ್ಲಿ ಹಿಡಿದಿದ್ದ ಫ್ಲಾಸ್ಕನ್ನು ಬಿಡದೆ, ಮೊಂಡುಗೈಯಿಂದ ನಲ್ಲಿಯನ್ನು ಒತ್ತಿ ತಿರುಗಿಸಿ ನೀರು ನಿಲ್ಲಿಸಿ, ಆಲಿಸುತ್ತ ನಿಂತೆ.